ಇಗ್ಲೂ ಗೊತ್ತು, ಬಲೆ ಗೊತ್ತಿಲ್ಲ

ಕಾರವಾರದಲ್ಲಿ ಸಂಜೆ ಹೊತ್ತು ಒಂದಿಷ್ಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೆಚ್ಚಿನವರು ಬೈತಖೋಲ ಕಡೆಯವರು, ಮೀನುಗಾರರ ಮನೆಯ ಮಕ್ಕಳು. ಹೋದ ವಾರ ಐದನೇ ಕ್ಲಾಸಿನ ಹುಡುಗಿಯೊಬ್ಬಳಿಗೆ, "ನಿಮ್ಮಪ್ಪ ಬೆಳಿಗ್ಗೆ ಏನು ಮಾಡ್ತಾರೆ? ಇಂಗ್ಲಿಷಲ್ಲಿ ಹೇಳು" ಅಂದೆ. "ಮೈ ಫಾದರ್" ಅಂದಳು. ಅಲ್ಲಿಗೇ ನಿಂತಳು. ಬಲೆಗೆ ಏನನ್ನಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ. ಲಂಗರಿಗೆ, ಭರತ ಇಳಿತಕ್ಕೆ, ಬಂಗಡೆಗೆ, ಯಾವುದಕ್ಕೂ ಅವಳ ಹತ್ತಿರ ಪದ ಇರಲಿಲ್ಲ. ಅದೇ ಹುಡುಗಿ ಇಗ್ಲೂ ಅಂದರೆ ಏನು ಅಂತ ಕೇಳಿದರೆ ಹಿಮದ ಮನೆ ಅಂತ ಪಟ್ಟನೆ ಹೇಳುತ್ತಾಳೆ, ಸ್ಪೆಲ್ಲಿಂಗ್ ಸಮೇತ. ಐ ಫಾರ್ ಇಗ್ಲೂ ಅಂತ ಚಿಕ್ಕವಳಿದ್ದಾಗಿನಿಂದ ಓದಿದ್ದಾಳಲ್ಲ.

ಈ ಹುಡುಗಿಗೆ ಭಾಷೆ ಕಲಿಯೋಕೆ ಬರಲ್ಲ ಅಂತ ಯಾರೂ ಹೇಳುವಂತಿಲ್ಲ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಅರ್ಗಾದಲ್ಲಿ ನೌಕಾನೆಲೆ ಬಂದ ಮೇಲೆ ನಮ್ಮೂರಿನ ಅಂಗಡಿ, ರಿಕ್ಷಾಗಳಲ್ಲಿ ಹಿಂದಿ ಜಾಸ್ತಿ ಕೇಳಿಸುತ್ತದೆ, ಅದೂ ಅವಳಿಗೆ ಬರುತ್ತದೆ. ಹತ್ತು ವರ್ಷಕ್ಕೇ ಮೂರು ಭಾಷೆ. ಅದರಲ್ಲಿ ಎರಡನ್ನು ಅವಳಿಗೆ ಯಾರೂ ಕೂರಿಸಿ ಕಲಿಸಲಿಲ್ಲ. ಇಂಗ್ಲಿಷ್ ಮಾತ್ರ ಪಟ್ಟಿಯಲ್ಲಿ ಬಂತು. ದಿನಕ್ಕೆ ಹತ್ತು ಪದ, ಎದುರಿಗೆ ಅರ್ಥ, ಮೂರು ಸಲ ಬರೆ, ನಾಳೆ ಒಪ್ಪಿಸು.

ಹಾಗೆ ಒಪ್ಪಿಸಿದ್ದು ನಾಡಿದ್ದಿಗೆ ಇರುವುದಿಲ್ಲ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವೇ ಇಲ್ಲದ ಸದ್ದುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತದೆ ಅಂತ ಅಳೆದು 1885ರಲ್ಲಿ ಬರೆದ. ಹೆಚ್ಚಿನದು ಮೊದಲ ದಿನವೇ ಹೋಗಿಬಿಡುತ್ತದೆ. ನಮ್ಮ ಮಕ್ಕಳಿಗೆ ಆ ಹತ್ತು ಪದಗಳೂ ಅಂಥ ಸದ್ದುಗಳೇ. ಅವುಗಳಿಗೆ ಹಿಂದೆ ಮುಂದೆ ಏನೂ ಇಲ್ಲ. ಯಾರಿಗೂ ಯಾವತ್ತೂ ಹೇಳಬೇಕಾದ ಮಾತೂ ಅಲ್ಲ.

ಪದವನ್ನು ಒಂಟಿಯಾಗಿ ಕಲಿಸಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. 'ಹಾಕು' ಅನ್ನೋ ಪದ ತಗೊಳ್ಳಿ. ಬಾಗಿಲು ಹಾಕು, ಲೈಟು ಹಾಕು, ಅಂಗಿ ಹಾಕಿಕೋ, ಅನ್ನ ಹಾಕು, ಗಿಡಕ್ಕೆ ನೀರು ಹಾಕು, ಬಲೆ ಹಾಕು. ನಮಗೆ ಎಲ್ಲವೂ ಒಂದೇ ಹಾಕು. ಪಟ್ಟಿಯಲ್ಲಿ 'ಪುಟ್ ಅಂದರೆ ಹಾಕು' ಅಂತ ಕಲಿತ ಮಗು 'ಪುಟ್ ದಿ ಡೋರ್' ಅನ್ನುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯೇ. ಆದರೆ ಇಂಗ್ಲಿಷಲ್ಲಿ ಬಾಗಿಲಿಗೆ ಕ್ಲೋಸ್, ಲೈಟಿಗೆ ಸ್ವಿಚ್ ಆನ್, ಅಂಗಿಗೆ ಪುಟ್ ಆನ್, ಅನ್ನಕ್ಕೆ ಸರ್ವ್. ಗಿಡಕ್ಕಂತೂ ವಾಟರ್ ಅನ್ನೋದೇ ಕ್ರಿಯಾಪದ. ಬಲೆಗೆ ಕಾಸ್ಟ್. ಹಾಗಾಗಿ ನಾನು ಈಗ ನೆಟ್ ಅಂತ ಮಾತ್ರ ಕಲಿಸುವುದಿಲ್ಲ. ಕಾಸ್ಟ್ ದಿ ನೆಟ್, ಪುಲ್ ಇನ್ ದಿ ನೆಟ್, ಮೆಂಡ್ ದಿ ನೆಟ್. ಮೂರನ್ನೂ ಕೈಯಲ್ಲಿ ಮಾಡಿ ತೋರಿಸುತ್ತಾರೆ ಮಕ್ಕಳು. ಹರಿದ ಬಲೆ ಹೆಣೆಯುವುದನ್ನು ನನಗಿಂತ ಚೆನ್ನಾಗಿ ಬಲ್ಲವರು ಅವರು.

ಇನ್ನೊಂದು 'ಕೇಳು'. ಇದು ನನಗೆ ತುಂಬ ಇಷ್ಟದ ಉದಾಹರಣೆ. ಕನ್ನಡದಲ್ಲಿ ಪ್ರಶ್ನೆ ಕೇಳುವುದೂ ಕೇಳುವುದೇ, ಹಾಡು ಕೇಳುವುದೂ ಕೇಳುವುದೇ. ಅದಕ್ಕೇ ಮಕ್ಕಳು ಆಸ್ಕ್ ಅನ್ನಬೇಕಾದ ಕಡೆ ಹಿಯರ್ ಅನ್ನುತ್ತಾರೆ. ಆದರೆ ಕೊಂಕಣಿಯಲ್ಲಿ ಪ್ರಶ್ನೆಗೆ 'ವಿಚಾರ್', ಹಾಡಿಗೆ 'ಆಯ್ಕ್'. ಎರಡೂ ಬೇರೆ ಬೇರೆ! ಅಂದರೆ ನಮ್ಮ ಹುಡುಗಿಯ ಮನೆಮಾತಿನಲ್ಲಿ ಆ ವ್ಯತ್ಯಾಸ ಆಗಲೇ ಇದೆ. "ಆಸ್ಕ್ ಅಂದ್ರೆ ನಿಮ್ಮ ವಿಚಾರ್, ಹಿಯರ್ ಅಂದ್ರೆ ಆಯ್ಕ್" ಅಂದೆ. ಆಮೇಲೆ ಅವಳು ಆ ತಪ್ಪು ಮಾಡಿಲ್ಲ.

ನಾನು ಓದಿದ ಶಾಲೆಯಲ್ಲಿ ಕೊಂಕಣಿ ಅಥವಾ ಕನ್ನಡದ ಒಂದು ಮಾತು ಬಾಯಿಗೆ ಬಂದರೂ ದಂಡ ಇತ್ತು. ದಂಡಕ್ಕೆ ಹೆದರಿ ನಾವು ಇಂಗ್ಲಿಷ್ ಮಾತಾಡಲಿಲ್ಲ, ಸುಮ್ನೆ ಕೂತೆವು. ಆರು ವರ್ಷ ಸುಮ್ಮನೆ ಕೂತ ಗೆಳತಿಯರು ನನಗೆ ಗೊತ್ತು. ಇವತ್ತಿಗೂ ಅಂಥ ನಿಯಮವನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಗುವಿನ ಕೈಯಲ್ಲಿರುವ ಕೀಲಿಕೈ ಕಿತ್ತುಕೊಂಡು ಬಾಗಿಲು ತೆಗೆ ಅಂದ ಹಾಗೆ ಅಲ್ವಾ ಅದು?

ಮನೆಮಾತಿನಿಂದ ಧೈರ್ಯವೂ ಬರುತ್ತದೆ. ಶಿರಸಿಯ ನಮ್ಮಕ್ಕನ ಮಗನಿಗೆ ಇಂಗ್ಲಿಷ್ ಅಂದರೆ ಹೆದರಿಕೆ. ಅಡಿಕೆ ತೋಟದ ಹುಡುಗ ಅವನು. ಇಂಗ್ಲಿಷಿನ ಅರೆಕಾ ಮಲೆಯಾಳದ ಅಡಯ್ಕದಿಂದ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು, ನಮ್ಮ ಅಡಿಕೆಯ ಒಡಹುಟ್ಟು ಅಂತ ಹೇಳಿದೆ. ತೇಗಕ್ಕೂ ಟೀಕ್‌ಗೂ ಇಂಥದೇ ನಂಟು. ಹುಡುಗ ಅವತ್ತು ತೋಟ ತುಂಬ ಓಡಾಡಿ ಇನ್ನೂ ಯಾವುದು ನಮ್ಮದು ಅಂತ ಹುಡುಕಿದ.

ಹಾಗಾದರೆ ಎಷ್ಟು ಪದ ಬೇಕು? ಹಿಂದೊಮ್ಮೆ ಢಾಕಾದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದ್ದ ಮೈಕೇಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಇಂಗ್ಲಿಷಲ್ಲಿ ಹೆಚ್ಚು ಬಳಕೆಯಾಗುವ ಪದಗಳು ಅವು. ಮೇಕ್, ಟೇಕ್, ಕೀಪ್, ಗೆಟ್ ಥರದ ಸಣ್ಣ ಪದಗಳು. ದಿನದ ಮಾತಿಗೆ ಬೇಕಾಗುವುದು ಹೆಚ್ಚಾಗಿ ಇಂಥವೇ. ದಪ್ಪ ದಪ್ಪ ಪದ ಬಂದರೆ ಇಂಗ್ಲಿಷ್ ಬಂತು ಅಂದುಕೊಳ್ಳುವ ತಂದೆ ತಾಯಿ ಇದನ್ನು ಗಮನಿಸಬೇಕು. ಆ ಪಟ್ಟಿಗೆ ಅವರವರ ಊರಿನ ನೂರಿನ್ನೂರು ಪದ ಸೇರಿಸಿ. ನಮಗೆ ಟೈಡ್, ಆಂಕರ್, ಮ್ಯಾಕರೆಲ್. ಘಟ್ಟದ ಮೇಲಿನವರಿಗೆ ಬೇರೆ.

ಉಚ್ಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. 'ಎಗ್' ಹೋಗಿ 'ಯೆಗ್' ಆದರೆ ಆಕಾಶ ಬೀಳುವುದಿಲ್ಲ.

ಮಾತಿಗೆ ನಾನು ಮಾಡಿಸುವುದು ಒಂದೇ ಕೆಲಸ. ಒಂದೇ ವಿಷಯವನ್ನು ಮೂರು ಜನಕ್ಕೆ ಹೇಳಬೇಕು. ಮೊದಲನೆಯವರಿಗೆ ನಾಲ್ಕು ನಿಮಿಷ, ಎರಡನೆಯವರಿಗೆ ಮೂರು, ಕೊನೆಯವರಿಗೆ ಎರಡು. ಇದು ನನ್ನ ಕಲ್ಪನೆ ಅಲ್ಲ. ನ್ಯೂಜಿಲೆಂಡಿನ ಪಾಲ್ ನೇಶನ್ ಇದನ್ನು ಪರೀಕ್ಷಿಸಿ 1989ರಲ್ಲಿ ಬರೆದಿದ್ದಾರೆ. ಮೂರನೇ ಸಲಕ್ಕೆ ಮಾತಿನ ವೇಗ ಹೆಚ್ಚುತ್ತದೆ, ತಡವರಿಕೆ ಕಡಿಮೆಯಾಗುತ್ತದೆ. ನಮ್ಮ ಮಕ್ಕಳಿಗೆ ನಾಲ್ಕು ನಿಮಿಷ ಬಹಳ ಆಯಿತು, ಹಾಗಾಗಿ ಎರಡು, ಒಂದೂವರೆ, ಒಂದು ಅಂತ ಮಾಡಿಕೊಂಡಿದ್ದೇನೆ. ನಡುವೆ ನಾನು ತಿದ್ದುವುದಿಲ್ಲ. ತಿದ್ದಬೇಕು ಅನ್ನಿಸಿದ್ದನ್ನು ಬರೆದಿಟ್ಟುಕೊಂಡು ಕೊನೆಗೆ ಹೇಳುತ್ತೇನೆ.

'ಮೈ ಫಾದರ್' ಅಂತ ನಿಂತಿದ್ದ ಹುಡುಗಿ ನಿನ್ನೆ ಮೂರು ಸಲ ಹೇಳಿದಳು. ಮೊದಲ ಸಲ ಬಲೆಯ ತನಕ ಬಂದಳು. ಎರಡನೇ ಸಲ ದೋಣಿ ದಡಕ್ಕೆ ಬಂತು. ಮೂರನೇ ಸಲ ಮೀನು ಮಾರ್ಕೆಟ್ಟಿನಲ್ಲಿ ಅಮ್ಮ ಚೌಕಾಸಿ ಮಾಡುವವರೆಗೂ ಹೋಯಿತು. 'ಚೌಕಾಸಿ'ಗೆ ಪದ ಬೇಕು ಅಂತ ಅವಳೇ ಕೇಳಿದಳು. ಬಾರ್ಗೇನ್ ಅಂದೆ. ಬಾಯಲ್ಲಿ ಎರಡು ಸಲ ಹೇಳಿಕೊಂಡು ಮತ್ತೆ ಕಥೆಗೆ ಹೋದಳು.

ಭಟ್ಕಳದ ಗೆಳೆಯರೇ, ನಿಮ್ಮ ನವಾಯತಿ ಭಾಷೆಯಲ್ಲಿ ಪ್ರಶ್ನೆ ಕೇಳುವುದಕ್ಕೆ, ಹಾಡು ಕೇಳುವುದಕ್ಕೆ ಬೇರೆ ಬೇರೆ ಪದ ಇವೆಯೇ? ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಮನೆಗಳ ಮಾತು ಬಲ್ಲವರೂ ತಿಳಿಸಿ. ಅಂಕೋಲಾದಿಂದ ಬರುವ ಇಬ್ಬರು ಮಕ್ಕಳಿಗಾಗಿ ಕೇಳುತ್ತಿದ್ದೇನೆ.