ಏರ್ ವಿಂಗ್ ಸೇರುವ ಮಕ್ಕಳಿಗೆ ಮೊದಲ ದಿನವೇ ಹೇಳಬೇಕಾದ ಮಾತು

ಎನ್‌ಸಿಸಿ ಏರ್ ವಿಂಗ್‌ನ ಸಿ ಸರ್ಟಿಫಿಕೇಟ್ ಇದ್ದವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಎಫ್‌ಎಸ್‌ಬಿ, ಅಂದರೆ ವಾಯುಪಡೆಯ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋಗಬಹುದು. ವಾಯುಪಡೆಯ ಪೈಲಟ್‌ಗಳ ವಿಭಾಗವಾದ ಫ್ಲೈಯಿಂಗ್ ಬ್ರಾಂಚ್‌ನಲ್ಲಿ ಸಿಡಿಎಸ್, ಎಎಫ್‌ಕ್ಯಾಟ್ ಎಂಬ ಪ್ರವೇಶ ಪರೀಕ್ಷೆಗಳ ಮೂಲಕ ತುಂಬುವ ಸೀಟುಗಳಲ್ಲಿ ಶೇ. 10 ಇವರಿಗೆಂದೇ ಮೀಸಲು. ಇಂಥ ಅವಕಾಶವಿದ್ದೂ ಕೈತಪ್ಪುವುದಕ್ಕೆ ಬಹುಪಾಲು ಮಾಹಿತಿಯ ಕೊರತೆಯೇ ಕಾರಣ. ಅದಕ್ಕೇ ಈ ಬರಹ.

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ತಲಾ ಶೇ. 50 ಬೇಕು, ಡಿಗ್ರಿಯಲ್ಲಿ ಶೇ. 60. ಅಂದರೆ ತೀರ್ಮಾನವಾಗಬೇಕಾದ್ದು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ. ಕಾಮರ್ಸ್ ತೆಗೆದುಕೊಂಡ ಹುಡುಗಿ ಮೂರು ವರ್ಷ ಬಿಸಿಲಲ್ಲಿ ಪರೇಡ್ ಮಾಡಿ, ಕೊನೆಗೆ ಅರ್ಜಿ ತುಂಬುವಾಗ ಇದನ್ನು ತಿಳಿಯುವುದು ದೊಡ್ಡ ಅನ್ಯಾಯ. ಸೇರಿಸಿಕೊಳ್ಳುವ ದಿನವೇ ಅವಳಿಗೆ ಯಾರಾದರೂ ಇದನ್ನು ಹೇಳಬೇಕಿತ್ತು.

ಎರಡನೆಯದು ವರ್ಷಗಳ ಲೆಕ್ಕ. ಸೀನಿಯರ್ ವಿಭಾಗದಲ್ಲಿ ಎರಡು ವರ್ಷಕ್ಕೆ ಬಿ ಸರ್ಟಿಫಿಕೇಟ್, ಮೂರನೇ ವರ್ಷ ಸಿ. ಮೂರು ವರ್ಷದ ಡಿಗ್ರಿಗೆ ಬಂದವರು ಮೊದಲ ವರ್ಷವೇ ಹೆಸರು ನೋಂದಾಯಿಸದಿದ್ದರೆ ಸಿ ಕೈಗೆಟುಕುವುದು ಕಷ್ಟ. ಪರೇಡ್ ಹಾಜರಿ ಶೇ. 75ಕ್ಕಿಂತ ಕಡಿಮೆಯಾದರೂ, ಕ್ಯಾಂಪ್ ತಪ್ಪಿಸಿದರೂ ಪರೀಕ್ಷೆಗೆ ಕೂರಿಸುವುದಿಲ್ಲ. ವಾಯುಪಡೆಯ ತರಬೇತಿ ಕೋರ್ಸ್ ಶುರುವಾಗುವಾಗ ವಯಸ್ಸು 20ರಿಂದ 24ರ ಒಳಗಿರಬೇಕು ಎಂಬುದನ್ನೂ ಇದರೊಟ್ಟಿಗೇ ಲೆಕ್ಕ ಹಾಕಿ.

ಮೈಕಟ್ಟಿನ ಅಳತೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಎತ್ತರ ಕನಿಷ್ಠ 162.5 ಸೆಂ.ಮೀ. ಬೇಕು. ಗೋಡೆಗೆ ಬೆನ್ನೊತ್ತಿ, ಕಾಲು ನೀಳವಾಗಿ ಚಾಚಿ ಕುಳಿತು, ಗೋಡೆಯಿಂದ ಹಿಮ್ಮಡಿಯವರೆಗೆ ಅಳೆಯಿರಿ: 99ರಿಂದ 120 ಸೆಂ.ಮೀ. ನಡುವೆ ಇರಬೇಕು. ತೊಡೆಯ ಉದ್ದ 64 ಸೆಂ.ಮೀ. ದಾಟಬಾರದು. ಕಾಕ್‌ಪಿಟ್‌ನಲ್ಲಿ ಕಾಲು ಪೆಡಲ್‌ಗೆ ಎಟುಕಬೇಕು, ಅಪಾಯದಲ್ಲಿ ಸೀಟಿನ ಸಮೇತ ಹೊರಚಿಮ್ಮಿ ಇಜೆಕ್ಟ್ ಆಗುವಾಗ ಮೊಣಕಾಲು ಎದುರಿನ ಪ್ಯಾನೆಲ್‌ಗೆ ಬಡಿಯಬಾರದು. ಬಣ್ಣ ಗುರುತಿಸುವ ಪರೀಕ್ಷೆಯನ್ನು ಕಣ್ಣಿನ ಡಾಕ್ಟರ ಬಳಿ ಈಗಲೇ ಮಾಡಿಸಿ, ಏಕೆಂದರೆ ಬಣ್ಣಗುರುಡಿಗೆ ಚಿಕಿತ್ಸೆಯೂ ಇಲ್ಲ, ವಿನಾಯಿತಿಯೂ ಇಲ್ಲ.

ಎಎಫ್‌ಎಸ್‌ಬಿಯಲ್ಲಿ ನಡೆಯುವ ಸಿಪಿಎಸ್‌ಎಸ್ ಎಂಬ ಪೈಲಟ್ ಆಯ್ಕೆ ಪರೀಕ್ಷೆಗೆ ಬದುಕಿನಲ್ಲಿ ಒಂದೇ ಅವಕಾಶ. ಅದರಲ್ಲಿ ಫೇಲಾದರೆ ವಾಯುಪಡೆಯ ಪೈಲಟ್ ಆಗುವ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ‘ಸುಮ್ಮನೆ ಒಮ್ಮೆ ಹೋಗಿ ನೋಡಿ ಬಾ’ ಎಂದು ಮಕ್ಕಳನ್ನು ದಯವಿಟ್ಟು ಕಳಿಸಬೇಡಿ.

ಇನ್ನು ಹಾರಾಟ. ಕೆಡೆಟ್‌ಗಳು ಹಾರುವ ವೈರಸ್ ಎಸ್‌ಡಬ್ಲ್ಯೂ 80 ಎರಡೇ ಸೀಟಿನ ಹಗುರ ಮೈಕ್ರೋಲೈಟ್. ಬಿಸಿಲೇರಿದಂತೆ ನೆಲದ ಕಾವಿಗೆ ಗಾಳಿ ಮೇಲೇಳುತ್ತದೆ, ಹಗುರ ವಿಮಾನ ಅದರಲ್ಲಿ ಕುಲುಕಾಡುತ್ತದೆ. ಹಾಗಾಗಿ ಬೆಳಗಿನ ಹಾರಾಟವೇ ಒಳ್ಳೆಯದು. ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆಬಿರಿಯೆ ತಿಂದೂ ಹೋಗಬೇಡಿ. ಜೇಬಿನ ಪೆನ್ನು, ಮೊಬೈಲ್ ಕೆಳಗಿಟ್ಟೇ ಹತ್ತಿ. ಬಿದ್ದ ಪೆನ್ನು ಕಂಟ್ರೋಲ್‌ಗೆ ಸಿಕ್ಕಿಕೊಂಡರೆ ಅಪಾಯ. ಎಂಜಿನ್ ಆಫ್ ಇದ್ದರೂ ಪ್ರೊಪೆಲರ್ ತಿರುಗುತ್ತಿದೆ ಎಂದೇ ತಿಳಿದು ದೂರವಿರಿ.

ವಿಮಾನವನ್ನು ನಿಯಂತ್ರಿಸುವ ಸ್ಟಿಕ್ ಕೈಗೆ ಬಂದಾಗ ಹೊಸಬರೆಲ್ಲ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ, ಕಣ್ಣನ್ನು ಮೀಟರ್‌ಗಳ ಮೇಲೆ ನೆಡುತ್ತಾರೆ. ಮೀಟರ್ ನೋಡಿ ಸರಿಪಡಿಸುವಷ್ಟರಲ್ಲಿ ವಿಮಾನ ಆಗಲೇ ಬೇರೆ ಸ್ಥಿತಿಗೆ ಹೋಗಿರುತ್ತದೆ, ಮತ್ತೆ ಅತಿಯಾಗಿ ಎಳೆಯುತ್ತಾರೆ, ಮೂಗು ಮೇಲೆ ಕೆಳಗೆ ತೂಗಾಡತೊಡಗುತ್ತದೆ. ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ದಿಗಂತ ಮೂಗಿನ ಮೇಲೆ ಎಲ್ಲಿ ಕಾಣುತ್ತದೋ ಅದನ್ನು ಅಲ್ಲೇ ಉಳಿಸಿ. ಎಡಕ್ಕೆ ವಾಲಿಸಿದಾಗ ಮೂಗು ಮೊದಲು ಬಲಕ್ಕೆ ಜಾರುತ್ತದೆ: ಮೇಲೇಳುವ ಬಲಗಡೆಯ ರೆಕ್ಕೆಗೆ ಗಾಳಿಯ ಎಳೆತ ಹೆಚ್ಚು. ಅದನ್ನು ತಡೆಯಲೆಂದೇ ಮೂಗನ್ನು ಎಡಕ್ಕೆ ತಿರುಗಿಸುವ ಎಡ ರಡ್ಡರ್ ಪೆಡಲನ್ನು ಜೊತೆಜೊತೆಗೆ ಒತ್ತಬೇಕು.

ಹಾರಾಟ ಸಿಗುವುದು ಕೆಲವೇ ನಿಮಿಷ. ಮಾದರಿ ವಿಮಾನ ಕಟ್ಟಿ ಹಾರಿಸುವ ಏರೋಮಾಡೆಲಿಂಗ್ ಮಾತ್ರ ವರ್ಷವಿಡೀ ಸಿಗಬಲ್ಲದ್ದು, ಕೆಡೆಟ್‌ಗಳು ಕಡೆಗಣಿಸುವುದೂ ಅದನ್ನೇ. ಬಾಲ್ಸಾ ಎಂಬ ಹಗುರ ಮರದ ಮಾಡೆಲ್‌ನ ಭಾರಕೇಂದ್ರ ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬರಬೇಕು. ಬಾಲ ಭಾರವಾದರೆ ಮೂಗೆತ್ತಿ, ವೇಗ ಕಳೆದುಕೊಂಡು, ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಂಡು ಬೀಳುತ್ತದೆ. ಮೂಗಿಗೆ ಚೂರು ಸೀಸ ಸೇರಿಸಿ ಮತ್ತೆ ಹಾರಿಸಿದ ಕೆಡೆಟ್‌ಗೆ ಸ್ಟಾಲ್ ಅಂದರೇನೆಂದು ಬೋರ್ಡಿನ ಮೇಲೆ ಬರೆದು ಹೇಳಬೇಕಾಗುವುದಿಲ್ಲ.

ಏರ್‌ಲೈನ್‌ಗಳ ‘ಕೆಡೆಟ್ ಪೈಲಟ್’ ಯೋಜನೆಗಳೇ ಬೇರೆ. ಅವು ಲಕ್ಷಗಟ್ಟಲೆ ಶುಲ್ಕದ ತರಬೇತಿಗಳು. ಏರ್ ವಿಂಗ್‌ನಲ್ಲಿ ಹಾರಿದ ನಿಮಿಷಗಳಿಂದ ಕಮರ್ಷಿಯಲ್ ಲೈಸೆನ್ಸ್ ಬರುವುದಿಲ್ಲ, ಅದಕ್ಕೆ 200 ಗಂಟೆ ಹಾರಬೇಕು. ಆ ದಾರಿ ಹಿಡಿಯುವುದಾದರೆ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯ ಕ್ಲಾಸ್ 2, ನಂತರ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿದು ಫಿಟ್ ಎಂಬ ಕಾಗದ ಕೈಗೆ ಬರುವವರೆಗೆ ಸಾಲದ ಅರ್ಜಿಗೂ ಸಹಿ ಹಾಕಬೇಡಿ, ಶುಲ್ಕದ ಮೊದಲ ಕಂತನ್ನೂ ಕಟ್ಟಬೇಡಿ.