ಎಸ್‌ಜಿಪಿಟಿ ಇಳಿಯಿತು ಅಂತ ನಿಶ್ಚಿಂತೆಯಿಂದ ಕೂರಬೇಡಿ

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಯಾರಿಗಾದರೂ ಕಾಮಾಲೆ ಆಯಿತೆಂದರೆ ನಾಟಿ ಮದ್ದು, ಎಣ್ಣೆ-ತುಪ್ಪ ಬಿಟ್ಟು ಬರೀ ಗಂಜಿಯ ಪಥ್ಯ, ಆಗಾಗ ಲ್ಯಾಬಿಗೆ ಹೋಗಿ ಎಸ್‌ಜಿಪಿಟಿ ಎಂಬ ಲಿವರಿನ ರಕ್ತಪರೀಕ್ಷೆ ಮಾಡಿಸುವುದು. 1200 ಇದ್ದದ್ದು 300ಕ್ಕೆ ಬಂದರೆ ಮನೆಮಂದಿಗೆಲ್ಲ ಸಮಾಧಾನ. ನನಗೆ ಭಯವಾಗುವುದು ಈ ಸಮಾಧಾನ ಕಂಡೇ.

ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗೆ ಇರಬೇಕಾದ ಕಿಣ್ವ. ಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುತ್ತದೆ. ಸೋರಲು ಕೋಶಗಳೇ ಉಳಿಯದಿದ್ದರೂ ಅಂಕಿ ಇಳಿಯುತ್ತದೆ! ಲಿವರ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪಿಟಿ-ಐಎನ್ಆರ್ ನೋಡಬೇಕು, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ಪರೀಕ್ಷೆ. ರಕ್ತ ಹೆಪ್ಪುಗಟ್ಟಿಸುವ 2, 7, 9, 10ನೇ ಅಂಶಗಳು ಲಿವರಿನಲ್ಲೇ ತಯಾರಾಗುತ್ತವೆ, ಅದಕ್ಕೆ ವಿಟಮಿನ್ ಕೆ ಬೇಕು. 7ನೇ ಅಂಶದ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 6 ಗಂಟೆ, ಹಾಗಾಗಿ ಲಿವರ್ ಸೋತರೆ ಐಎನ್ಆರ್ ಬೇಗ ಏರುತ್ತದೆ. ಲಿವರ್ ತಯಾರಿಸುವ ಇನ್ನೊಂದು ಪ್ರೋಟೀನ್ ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ, ಅದು ಕುಸಿಯುವುದು ತಡವಾಗಿ. ಎಸ್‌ಜಿಪಿಟಿ ಇಳಿಯುತ್ತಾ ಬಿಲಿರುಬಿನ್ (ಕಾಮಾಲೆಯಲ್ಲಿ ಕಣ್ಣು, ಮೈ ಹಳದಿ ಮಾಡುವ ವಸ್ತು), ಐಎನ್ಆರ್ ಎರಡೂ ಏರುತ್ತಿದ್ದರೆ, ರೋಗಿ ಮಂಕಾದರೆ, ತಡಬಡಿಸಿ ಮಾತಾಡಿದರೆ, ಆ ರಾತ್ರಿಯೇ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೊರಡಿ.

ಐಎನ್ಆರ್ ಏರಲು ಇನ್ನೊಂದು ಕಾರಣವಿದೆ. ಪಿತ್ತನಾಳ ಕಟ್ಟಿಕೊಂಡರೆ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ. ಅದಿಲ್ಲದೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತುವುದಿಲ್ಲ. ವೈದ್ಯರು 10 ಮಿಲಿಗ್ರಾಂ ವಿಟಮಿನ್ ಕೆ ರಕ್ತನಾಳಕ್ಕೆ ಕೊಟ್ಟು ಮರುದಿನ ಮತ್ತೆ ನೋಡುತ್ತಾರೆ. ಐಎನ್ಆರ್ ಸರಿಹೋದರೆ ಕೊರತೆ ಇದ್ದದ್ದು ವಿಟಮಿನ್ನಿಗೆ. ಇಳಿಯದಿದ್ದರೆ ಲಿವರೇ ಸೋತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಕುಡಿತದವರ ರಿಪೋರ್ಟು ಇನ್ನೂ ಮೋಸ ಮಾಡುತ್ತದೆ. ಎಸ್‌ಜಿಪಿಟಿ ಕೆಲಸ ಮಾಡಲು ವಿಟಮಿನ್ ಬಿ6 ಬೇಕು. ಕುಡಿಯುವವರಲ್ಲಿ ಅದು ಕಡಿಮೆ, ಹಾಗಾಗಿ ಎಸ್‌ಜಿಪಿಟಿ ತಗ್ಗಿ ತೋರುತ್ತದೆ, ಎಸ್‌ಜಿಓಟಿ ಎಂಬ ಇನ್ನೊಂದು ಕಿಣ್ವ ಅದರ ಎರಡು ಪಟ್ಟಿಗೂ ಮೇಲಿರುತ್ತದೆ. ಬಿ12 ಲಿವರಿನಲ್ಲಿ ವರ್ಷಗಟ್ಟಲೆಗಾಗುವಷ್ಟು ಕೂಡಿಟ್ಟಿರುತ್ತದೆ. ಕೋಶ ಒಡೆದಾಗ ಅದೂ ರಕ್ತಕ್ಕೆ ಬಂದು, ಮಟ್ಟ ಚೆನ್ನಾಗಿದೆ ಅನ್ನಿಸುತ್ತದೆ.

ಗದ್ದೆ ಕೆಸರಲ್ಲಿ ನಿಂತು ನಾಟಿ ಮಾಡಿದವರಿಗೆ ಜ್ವರ, ಮೀನಖಂಡದ ನೋವಿನ ಜೊತೆ ಕಣ್ಣು ಹಳದಿಯಾದರೆ ಇಲಿಜ್ವರ ಇರಬಹುದು. ಅದರಲ್ಲಿ ಬಿಲಿರುಬಿನ್ ಬಹಳ ಏರಿದರೂ ಎಸ್‌ಜಿಪಿಟಿ ಸಾಮಾನ್ಯವಾಗಿ 200 ದಾಟುವುದಿಲ್ಲ. "ಲಿವರ್ ಅಷ್ಟೇನೂ ಕೆಟ್ಟಿಲ್ಲ" ಅಂತ ಮನೆಗೆ ಬರಬೇಡಿ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ), ಪ್ಲೇಟ್‌ಲೆಟ್ ಅವತ್ತೇ ಮಾಡಿಸಿ.

ಇನ್ನು ಪಥ್ಯ. ಸಾಮಾನ್ಯ ವೈರಸ್ ಕಾಮಾಲೆಗೆ ತುಪ್ಪ, ತೆಂಗಿನಕಾಯಿ ನಿಲ್ಲಿಸಬೇಕಾದ ಅಗತ್ಯವೇ ಇಲ್ಲ. ವಾಕರಿಕೆ ಇದ್ದರೆ ಸ್ವಲ್ಪಸ್ವಲ್ಪವಾಗಿ, ಬೆಳಿಗ್ಗೆ ಹೆಚ್ಚಾಗಿ ತಿನ್ನಿಸಿ. ಬಿಡಬೇಕಾದ್ದು ಸಾರಾಯಿ, ಹೆಸರು ಗೊತ್ತಿಲ್ಲದ ಮದ್ದು, ಕೇಳದೇ ನುಂಗುವ ಪ್ಯಾರಾಸಿಟಮಾಲ್.