ಉಬ್ಬುಗಣ್ಣಿಗೆ ತಕ್ಕ ಜೊತೆ

ಬಳ್ಳಾರಿಯ ನಮ್ಮ ಮನೆಗೆ ಬಂದವರು ಮೊದಲು ನೀರು ಕುಡಿಯುತ್ತಾರೆ, ಆಮೇಲೆ ಬಿಸಿಲನ್ನು ಬೈಯುತ್ತಾರೆ, ಕೊನೆಗೆ ಗಾಜಿನ ತೊಟ್ಟಿಯ ಮುಂದೆ ನಿಂತು ಸಲಹೆ ಕೊಡುತ್ತಾರೆ. “ಇಷ್ಟು ದೊಡ್ಡ ತೊಟ್ಟಿ, ಮೂರೇ ಗೋಲ್ಡ್ ಫಿಶ್ಶೇ? ಬೇರೆ ಬಣ್ಣದವು ನಾಲ್ಕು ಬಿಡಿ ಭಾವ, ಕಳೆಗಟ್ಟುತ್ತದೆ.”

ಕಳೆಯೇನೋ ಕಟ್ಟೀತು, ನೀರು ಕೆಡುತ್ತದೆ. ಗೋಲ್ಡ್ ಫಿಶ್ಶಿಗೆ ಜಠರವೆಂಬುದೇ ಇಲ್ಲ. ತಿಂದದ್ದು ನೇರ ಕರುಳಿಗೆ, ಅಲ್ಲಿಂದ ತೊಟ್ಟಿಗೆ. ಕಿವಿರುಗಳಿಂದ ಹೊರಬೀಳುವ ಅಮೋನಿಯಾ ಬೇರೆ. ಮೂರು ಮೀನಿನ ಸಂಸಾರ ತೂಗಿಸುವುದರಲ್ಲೇ ಫಿಲ್ಟರ್ ಹೈರಾಣಾಗಿರುತ್ತದೆ.

ಇವುಗಳ ಮೂಲಪುರುಷ ಚೀನಾದ ಒಂದು ಸಾಧಾರಣ ಬೂದುಬಣ್ಣದ ಕಾರ್ಪ್. ಸಾವಿರ ವರ್ಷಗಳ ಹಿಂದೆಯೇ ಅಲ್ಲಿನವರು ಕೆಂಪಗೆ ಹುಟ್ಟಿದವನ್ನು ಆರಿಸಿ ಸಾಕತೊಡಗಿದರು. ಬಣ್ಣಕ್ಕೇ ತೃಪ್ತಿಯಾಗಿದ್ದರೆ ಚೆನ್ನಾಗಿತ್ತು. ಒರಾಂಡಾ ಎಂಬ ತಳಿಯ ನೆತ್ತಿಗೆ ಗಡ್ಡೆ ಬಂತು, ರಾಂಚು ತಳಿಯ ಬೆನ್ನಿನ ರೆಕ್ಕೆ ಹೋಯಿತು, ಸೆಲೆಸ್ಟಿಯಲ್‌ನ ಕಣ್ಣು ಶಾಶ್ವತವಾಗಿ ಆಕಾಶಕ್ಕೆ ತಿರುಗಿತು. ಮನುಷ್ಯನ ಶೋಕಿಗೆ ಮೀನು ತನ್ನ ಈಜನ್ನೇ ತೆತ್ತಿತು.

ನಮ್ಮ ಬ್ಲ್ಯಾಕ್ ಮೂರ್ ತಳಿಯ ಕಪ್ಪು ಗೋಲ್ಡ್ ಫಿಶ್ ಊಟ ಮಾಡುವುದನ್ನು ನೋಡಬೇಕು. ಕಾಳು ಮೂಗಿನ ಮುಂದೆಯೇ ಇಳಿಯುತ್ತದೆ. ಆ ಬೃಹತ್ ಉಬ್ಬುಗಣ್ಣುಗಳಿಗೆ ಅದು ಕಾಣದು. ವಾಸನೆ ಹಿಡಿದು ಇಡೀ ದೇಹವನ್ನು ಹೊರಳಿಸಿ ತಳಕ್ಕೆ ಬಂದು ಒಂದು ಕಲ್ಲನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಚಪ್ಪರಿಸುತ್ತದೆ, ಉಗುಳುತ್ತದೆ. ಪಕ್ಕದ ಕಲ್ಲು, ಅದನ್ನೂ ಉಗುಳುತ್ತದೆ. ಹೀಗೆ ನಾಲ್ಕಾರು ಕಲ್ಲುಗಳ ರುಚಿ ನೋಡಿದ ಮೇಲೆ ಕಾಳು ಸಿಕ್ಕರೆ ಅದೃಷ್ಟ. ಈ ಮೀನಿನ ಜೊತೆ ಚುರುಕಿನ ಕಾಮೆಟ್ ಬಿಟ್ಟರೆ, ಮದುವೆ ಪಂಕ್ತಿಯಲ್ಲಿ ಹಲ್ಲಿಲ್ಲದ ಅಜ್ಜನನ್ನು ಕಾಲೇಜು ಹುಡುಗರ ನಡುವೆ ಕೂರಿಸಿದಂತೆ. ಕಾಮೆಟ್ ಕೂಡ ಗೋಲ್ಡ್ ಫಿಶ್ಶೇ. ಕುಲ ಒಂದೇ ಆದರೆ ಸಾಲದು, ವೇಗವೂ ಒಂದೇ ಇರಬೇಕು.

ಇನ್ನು ಬೇರೆ ಜಾತಿಯ ಮೀನುಗಳು. ಟೈಗರ್ ಬಾರ್ಬ್ ರೇಷ್ಮೆಯಂಥ ಬಾಲ ಕಂಡರೆ ಕಚ್ಚದೆ ಬಿಡದು. ಪುಟ್ಟ ನಿಯಾನ್ ಟೆಟ್ರಾ ಬಿಟ್ಟರೆ ಕಥೆ ತಿರುವುಮುರುವು: ಬಾಯಿಗೆ ಹಿಡಿಸುವುದೆಲ್ಲ ಗೋಲ್ಡ್ ಫಿಶ್ಶಿಗೆ ಆಹಾರವೇ. ಅಂಗಡಿಯವರು ಪ್ರೀತಿಯಿಂದ ಕಟ್ಟಿಕೊಡುವ ಸಕ್ಕರ್ ಮೀನಿನ ಮೇಲೆ ಮಾತ್ರ ನನಗೆ ವಿಶೇಷ ಸಿಟ್ಟು. “ಪಾಚಿ ತಿಂದು ತೊಟ್ಟಿ ಸ್ವಚ್ಛ ಮಾಡುತ್ತದೆ ಸರ್” ಎನ್ನುತ್ತಾರೆ. ಪಾಚಿ ಬೇಸರವಾದ ದಿನ ಅದು ನಿಧಾನಗತಿಯ ಗೋಲ್ಡ್ ಫಿಶ್ಶಿನ ಪಕ್ಕೆಗೇ ಅಂಟಿಕೊಂಡು ಮೈಮೇಲಿನ ಲೋಳೆಯನ್ನು ಹೀರಬಲ್ಲದು ಎಂಬುದನ್ನು ಹೇಳುವುದಿಲ್ಲ. ಬೆರಳುದ್ದದ ಮರಿ ಅಡಿಗೂ ಮೀರಿ ಬೆಳೆಯುತ್ತದೆ ಎಂಬುದನ್ನೂ ಹೇಳುವುದಿಲ್ಲ.

ಶೀತ–ಉಷ್ಣದ ಲೆಕ್ಕವೂ ಇದೆ. ಅಂಗಡಿಯ ಬಣ್ಣದ ಮೀನುಗಳಲ್ಲಿ ಹೆಚ್ಚಿನವು 25–28 ಡಿಗ್ರಿ ಬಯಸುತ್ತವೆ, ಗೋಲ್ಡ್ ಫಿಶ್ಶಿಗೆ 18ರಿಂದ 23 ಹಿತ. ಬಳ್ಳಾರಿಯ ಏಪ್ರಿಲ್‌ಗೆ ಈ ಭೇದಭಾವ ಇಲ್ಲ. ಅದು ಎಲ್ಲರನ್ನೂ ಸಮನಾಗಿ ಬೇಯಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಆಗ ಪ್ರತಿಯೊಂದು ಹೊಸ ಮೀನೂ ಹಳೆಯ ಮೀನಿನ ಉಸಿರಿನಲ್ಲಿ ಪಾಲು ಕೇಳುತ್ತದೆ. ಹೀಗಾಗಿ ಒರಾಂಡಾಗಳೆರಡು, ಬ್ಲ್ಯಾಕ್ ಮೂರ್ ಒಂದು, ಮೂವರೂ ಸಮಾನ ಸೋಮಾರಿಗಳು. ಇವರ ನಡುವೆ ಯಾರ ತಂಟೆಗೂ ಹೋಗದ ದಪ್ಪ ಬಸವನಹುಳು ಒಂದನ್ನು ಬಿಟ್ಟಿದ್ದೇನೆ. ಅದರ ಮೀಸೆಯನ್ನು ಒರಾಂಡಾ ಆಗಾಗ ಕುಟುಕುತ್ತದೆ. ಅಷ್ಟು ಸಲಿಗೆ ಸಹಿಸಬಹುದು.

ಮಧ್ಯಾಹ್ನ ಮಂಜುಗಟ್ಟಿದ ನೀರಿನ ಬಾಟಲಿಯನ್ನು ಮುಚ್ಚಳ ಬಿಗಿದು ತೇಲಿಬಿಡುತ್ತೇನೆ, ನೀರು ಒಮ್ಮೆಲೇ ತಣ್ಣಗಾಗದಂತೆ ನೋಡಿಕೊಂಡು. ಕರೆಂಟ್ ಹೋದಾಗ ಗಾಳಿಯ ಪಂಪು ನಿಲ್ಲಬಾರದೆಂದು ಅದಕ್ಕೆ ಇನ್ವರ್ಟರ್ ಸಂಪರ್ಕ ಕೊಟ್ಟಾಗಿದೆ. ಅಡುಗೆಮನೆಯ ಫ್ಯಾನಿಗೆ ಇನ್ನೂ ಕೊಟ್ಟಿಲ್ಲ. ಆ ವಿಷಯ ಮನೆಯಲ್ಲಿ ಚರ್ಚೆಯಲ್ಲಿದೆ.